ಕಾಮನ ಲಾ

ಮೂರು ವರ್ಷ ಒಂದೇ ಮನೆಯಲ್ಲಿದ್ದು, ಅದಕ್ಕೊಂದು ಚೂರು ಸಾಕ್ಷಿಯೂ ಉಳಿಯದ ಹಾಗೆ ಬದುಕುವುದು ಸುಲಭದ ಕೆಲಸವಲ್ಲ. ಕೆನಡಾದ ಬ್ರಾಂಪ್ಟನ್ನಿನ ಒಂದು ಬೇಸ್‌ಮೆಂಟಿನಲ್ಲಿ ತಿಪಟೂರಿನ ಹುಡುಗಿ ಮತ್ತು ಹಾಸನದ ಹುಡುಗ ಅದನ್ನು ಸಾಧಿಸಿದ್ದರು. ಅವಳ ಮನೆಯವರ ಲೆಕ್ಕದಲ್ಲಿ ಅವಳು ಇಬ್ಬರು ಹೈದರಾಬಾದ್ ಹುಡುಗಿಯರ ಜೊತೆಗಿದ್ದಳು. ಅವನ ಮನೆಯವರ ಲೆಕ್ಕದಲ್ಲಿ ಅವನು ನಾಲ್ವರು ಗೆಳೆಯರ ಜೊತೆಗಿದ್ದ. ಹೀಗೆ ಇಬ್ಬರೇ ಇದ್ದ ಮನೆಯಲ್ಲಿ ಊರಿನವರ ಪ್ರಕಾರ ಎಂಟು ಜನ ಸಂಸಾರ ಮಾಡುತ್ತಿದ್ದರು.

ಭಾನುವಾರ ಬೆಳಿಗ್ಗೆ ತಿಪಟೂರಿನಿಂದ ವಿಡಿಯೋ ಕಾಲ್ ಬಂದರೆ ಹುಡುಗ ಕಾಫಿ ಲೋಟದ ಸಮೇತ ಬಚ್ಚಲು ಸೇರುತ್ತಿದ್ದ. ಒಮ್ಮೆ ತಡೆಯಲಾರದೆ ಕೆಮ್ಮಿಬಿಟ್ಟ.

"ಯಾರೇ ಅದು?" ಎಂದರು ಅಮ್ಮ.

"ಮೇಲ್ಮನೆ ಅಂಕಲ್ ಅಮ್ಮಾ. ಅವರಿಗೆ ಯಾವಾಗ್ಲೂ ಕೆಮ್ಮು."

ಅಲ್ಲಿಂದ ಮುಂದೆ ಹುಡುಗ ಸೀನಿದರೂ, ತಟ್ಟೆ ಬೀಳಿಸಿದರೂ ಅದು ಮೇಲ್ಮನೆ ಅಂಕಲ್ ಖಾತೆಗೆ ಹೋಗುತ್ತಿತ್ತು.

ಈ ವಿದ್ಯೆ ಬ್ರಾಂಪ್ಟನ್ನಿನಲ್ಲಿ ಕಲಿತದ್ದಲ್ಲ. ಇಬ್ಬರೂ ಬೆಂಗಳೂರಿನಲ್ಲಿ ಓದಿದವರು. 'ಫ್ಯಾಮಿಲಿಗೆ ಮಾತ್ರ' ಎಂಬ ಬೋರ್ಡಿನ ಕೆಳಗೆ ನಿಂತು ಬಂದವರು. ಮದುವೆಯ ಸ್ವರೂಪದ ಸಂಬಂಧಕ್ಕೂ ಭಾರತದಲ್ಲಿ ರಕ್ಷಣೆ ಉಂಟೆಂದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲೇ ಬರೆದಿದೆ. ಆದರೆ ಮನೆ ಓನರುಗಳು ಅಷ್ಟು ಓದಿಕೊಂಡ ಹಾಗೆ ಕಾಣುವುದಿಲ್ಲ.

ಹುಡುಗನ ವರ್ಕ್ ಪರ್ಮಿಟ್ ಮುಗಿಯುತ್ತ ಬಂದಾಗ ಆಟ ತಿರುಗಿತು. ಹುಡುಗಿಗೆ ಒಟ್ಟಿಗೆ ಮನೆ ಮಾಡುವುದಕ್ಕೆ ಮೊದಲೇ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಸಿಕ್ಕಿತ್ತು. ಆ ಒಂದು ವಿಷಯದಲ್ಲಿ ಗ್ರಹಗತಿ ನೆಟ್ಟಗಿತ್ತೆನ್ನಬೇಕು. ಪಿಆರ್ ಅರ್ಜಿಯಲ್ಲಿ ಸಂಗಾತಿಯನ್ನು ಮುಚ್ಚಿಟ್ಟವರು ಆಮೇಲೆ ಅದೇ ಸಂಗಾತಿಯನ್ನು ಸ್ಪಾನ್ಸರ್ ಮಾಡಲು ಹೋದರೆ ಸಾಮಾನ್ಯವಾಗಿ ಬಾಗಿಲು ಮುಚ್ಚಿರುತ್ತದೆ. ಈಗ ಅವಳು ಅವನನ್ನು 'ಕಾಮನ್ ಲಾ' ಸಂಗಾತಿ ಎಂದು ಸ್ಪಾನ್ಸರ್ ಮಾಡಬಹುದಿತ್ತು. ಮದುವೆ ಬೇಕಿಲ್ಲ, ತಾಳಿ ಬೇಕಿಲ್ಲ. ದಂಪತಿಗಳಂತೆ ಕನಿಷ್ಠ 12 ತಿಂಗಳು, ಎಡೆಬಿಡದೆ, ಒಂದೇ ಸೂರಿನಡಿ ಬದುಕಿದ್ದರೆ ಸಾಕು. ಬದುಕಿದ್ದೇವೆಂದು ತೋರಿಸಬೇಕು, ಅಷ್ಟೆ.

ಆ 'ಅಷ್ಟೆ'ಯ ಹಿಂದೆ ಕೆನಡಾದ ನ್ಯಾಯಾಲಯಗಳು ಬಹಳ ತಲೆ ಕೆಡಿಸಿಕೊಂಡಿವೆ. ಇಬ್ಬರು ದಂಪತಿಗಳಂತೆ ಇದ್ದಾರೆಂದು ಹೇಗೆ ಗೊತ್ತಾಗಬೇಕು? 1980ರಲ್ಲಿ ಒಂಟಾರಿಯೊದ ನ್ಯಾಯಾಧೀಶರೊಬ್ಬರು ಮೊಲೊಡೊವಿಚ್ ವಿರುದ್ಧ ಪೆಂಟಿನೆನ್ ಎಂಬ ಮೊಕದ್ದಮೆಯಲ್ಲಿ ಇದಕ್ಕೆ ಪ್ರಶ್ನೆಗಳ ಪಟ್ಟಿಯನ್ನೇ ಮಾಡಿದರು. ಒಂದೇ ಮನೆಯಲ್ಲಿದ್ದರೇ? ಮಲಗುವ ವ್ಯವಸ್ಥೆ ಹೇಗೆ? ಅಡುಗೆ ಯಾರದು? ಬಟ್ಟೆ ಒಗೆಯುವುದು, ಹರಿದದ್ದನ್ನು ಹೊಲಿಯುವುದು? ನೆಂಟರಿಷ್ಟರ ಜೊತೆ ನಡೆದುಕೊಂಡದ್ದು ಹೇಗೆ? ದುಡ್ಡಿನ ವ್ಯವಹಾರ ಏನು? ಸುತ್ತಲಿನವರು ಇವರನ್ನು ಜೋಡಿಯೆಂದು ಕಂಡರೇ? ನಮ್ಮಲ್ಲಿ ಹೆಣ್ಣು ನೋಡಲು ಬಂದ ಹಿರಿಯರೂ ಇಷ್ಟೇ ಕೇಳುತ್ತಾರೆ, ಎರಡನೆಯದೊಂದನ್ನು ಬಿಟ್ಟು. 1999ರಲ್ಲಿ ಇಬ್ಬರು ಹೆಂಗಸರ ಸಂಬಂಧ ಮುರಿದು ಸುಪ್ರೀಂ ಕೋರ್ಟಿಗೆ ಹೋದ 'ಎಂ ವಿರುದ್ಧ ಎಚ್' ಮೊಕದ್ದಮೆಯಲ್ಲಿ ಈ ಪಟ್ಟಿಗೆ ಇನ್ನೂ ದೊಡ್ಡ ಮುದ್ರೆ ಬಿತ್ತು. ಮರುವರ್ಷವೇ ಕೇಂದ್ರ ಸರ್ಕಾರ 68 ಕಾಯ್ದೆಗಳನ್ನು ಒಟ್ಟಿಗೆ ತಿದ್ದಿ, ಗಂಡು ಹೆಣ್ಣಿನ ಜೋಡಿಯಾಗಲಿ ಒಂದೇ ಲಿಂಗದವರ ಜೋಡಿಯಾಗಲಿ ಎಲ್ಲರನ್ನೂ ಕಾಮನ್ ಲಾ ಒಳಗೆ ಕೂರಿಸಿತು. 2002ರ ಜೂನ್ 28ರಂದು ಜಾರಿಗೆ ಬಂದ ಹೊಸ ವಲಸೆ ಕಾನೂನಿನಲ್ಲಿ ಇಂಥ ಸಂಗಾತಿಗೆ ಕುಟುಂಬ ವರ್ಗದಲ್ಲಿ ಜಾಗ ಸಿಕ್ಕಿತು.

ಜಾಗ ಸಿಕ್ಕಿತು ಸರಿ, ಕಾಗದ?

ಐಎಂಎಂ 5409 ಎಂಬ ಪ್ರಮಾಣದ ಫಾರಂ ಇದೆ. ಇಬ್ಬರೂ ನೋಟರಿಯ ಮುಂದೆ ನಿಂತು ಸಹಿ ಹಾಕಬೇಕು. ಜಂಟಿಯಾಗಿ ಬಾಡಿಗೆ ಕರಾರು ಮಾಡಿಕೊಂಡಿದ್ದೀರಾ? ಜಂಟಿ ಬ್ಯಾಂಕ್ ಖಾತೆ? ಜೀವವಿಮೆಯಲ್ಲಿ ಒಬ್ಬರ ಹೆಸರು ಇನ್ನೊಬ್ಬರು ಬರೆಸಿದ್ದೀರಾ? ಮನೆ ಯಜಮಾನಿ ಬಾಡಿಗೆಯನ್ನು ನೋಟಿನಲ್ಲೇ ತೆಗೆದುಕೊಳ್ಳುತ್ತಿದ್ದಳು, ಅದೂ ಒಬ್ಬರಿಗೆಂದು ಕೊಟ್ಟ ಮನೆ. ಪತ್ರ ಕೇಳಿದ್ದಕ್ಕೆ, ನನ್ನ ಬೇಸ್‌ಮೆಂಟೇ ನಗರಸಭೆಯ ಲೆಕ್ಕದಲ್ಲಿಲ್ಲ, ನಿಮ್ಮನ್ನೆಲ್ಲಿಂದ ಲೆಕ್ಕಕ್ಕೆ ತರಲಿ ಎಂದಳು. ಬ್ಯಾಂಕ್ ಖಾತೆ ಬೇರೆ ಬೇರೆ. ಹುಡುಗನಿಗಿದ್ದ ಏಕೈಕ ವಿಮೆ ಅಪ್ಪ ಹಾಸನದಲ್ಲಿ ಮಾಡಿಸಿದ ಎಲ್‌ಐಸಿ ಪಾಲಿಸಿ, ನಾಮಿನಿ ಅಮ್ಮ.

ತೆರಿಗೆಯ ಕಥೆ ಇನ್ನೂ ಚೆನ್ನ. 12 ತಿಂಗಳು ಜೊತೆಗಿದ್ದವರು ತೆರಿಗೆ ಇಲಾಖೆಯ ಕಣ್ಣಿನಲ್ಲೂ ಕಾಮನ್ ಲಾ ದಂಪತಿಗಳೇ, ಮುಂದಿನ ತಿಂಗಳು ಮುಗಿಯುವುದರೊಳಗೆ ಅದನ್ನು ತಿಳಿಸಬೇಕು. ಇವರು ಪ್ರತಿ ವರ್ಷ 'ಸಿಂಗಲ್' ಎಂಬ ಚೌಕಕ್ಕೆ ಟಿಕ್ ಹಾಕಿದ್ದರು. ಒಂಟಿ ಬಡವರೆಂದು ಇಬ್ಬರಿಗೂ ಜಿಎಸ್‌ಟಿ ಕ್ರೆಡಿಟ್ ಬೇರೆ ಬಂದಿತ್ತು. ದಂಪತಿಗಳಾದರೆ ಇಬ್ಬರ ಆದಾಯವನ್ನೂ ಕೂಡಿಸಿ ನೋಡುತ್ತಾರೆ. ಒಂದು ಇಲಾಖೆಗೆ ಒಂಟಿ, ಇನ್ನೊಂದಕ್ಕೆ ಜಂಟಿ ಎಂದರೆ ಯಾರು ನಂಬುತ್ತಾರೆ? ಹಳೆಯ ರಿಟರ್ನುಗಳನ್ನೆಲ್ಲ ತಿದ್ದಿ, ಬಂದ ಕ್ರೆಡಿಟ್ ವಾಪಸು ಕಟ್ಟಿದರು. ವರದಕ್ಷಿಣೆ ಕೊಡದೆ ಸಂಸಾರ ಹೂಡಿದವರು ಸರ್ಕಾರಕ್ಕೆ ಕೊಡಬೇಕಾಯಿತು.

ಫೋಟೋಗಳನ್ನು 20ರವರೆಗೆ ಲಗತ್ತಿಸಬಹುದು. ಇವರ ಫೋನುಗಳಲ್ಲಿ ಸಾವಿರಾರು ಫೋಟೋ ಇದ್ದವು. ಇಬ್ಬರೂ ಒಟ್ಟಿಗಿರುವುದು ನಾಲ್ಕು. ಅದರಲ್ಲೊಂದು ಯಾರದೋ ಹುಟ್ಟುಹಬ್ಬದ್ದು, ಇಬ್ಬರ ನಡುವೆ ಒಂಬತ್ತು ಜನ. ಉಳಿದದ್ದೆಲ್ಲ ಊರಿಗೆ ಕಳಿಸಲು ತೆಗೆದ ಒಂಟಿ ಚಿತ್ರಗಳು. ನಯಾಗರಾದಲ್ಲಿ ಅವಳು ಕಂಬಿ ಹಿಡಿದು ನಿಂತಿದ್ದಾಳೆ. ಇನ್ನೊಂದರಲ್ಲಿ ಅವನು ಅದೇ ಕಂಬಿ ಹಿಡಿದಿದ್ದಾನೆ. ಎರಡರಲ್ಲೂ ಹಿಂದೆ ಅದೇ ಹಳದಿ ಟೋಪಿಯ ಮುದುಕ ಐಸ್‌ಕ್ರೀಮ್ ತಿನ್ನುತ್ತಿದ್ದಾನೆ. ಅವಳ ಚಿತ್ರದಲ್ಲಿ ಐಸ್‌ಕ್ರೀಮ್ ಪೂರ್ತಿಯಿದೆ, ಅವನದ್ದರಲ್ಲಿ ಅರ್ಧ. ಎರಡನ್ನೂ ಅಕ್ಕಪಕ್ಕ ಅಂಟಿಸಿ ಮುದುಕನ ಸುತ್ತ ಕೆಂಪು ವೃತ್ತ ಎಳೆದರು.

ಕೊನೆಗೆ ಕೈಹಿಡಿದದ್ದು ಪಾರ್ಕಿಂಗ್ ದಂಡ. ಬ್ರಾಂಪ್ಟನ್ನಿನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 6ರವರೆಗೆ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸುವಂತಿಲ್ಲ. ಕಾರು ಅವಳ ಹೆಸರಿನಲ್ಲಿ, ಮರೆತು ರಸ್ತೆಯಲ್ಲೇ ಬಿಡುವವನು ಅವನು, ಕಟ್ಟಿದ್ದು ಅವನ ಕಾರ್ಡಿನಿಂದ. ಅದೇ ಬೀದಿ, ಅದೇ ಅಪರಾತ್ರಿ, ವರ್ಷಪೂರ್ತಿ ಹರಡಿದ ಹನ್ನೊಂದು ಚೀಟಿಗಳು. ಪ್ರತಿ ಸಲ ಜಗಳಕ್ಕೆ ಕಾರಣವಾದದ್ದನ್ನೇ ಈಗ ತಾರೀಕಿನ ಪ್ರಕಾರ ಜೋಡಿಸಿ, ಒಟ್ಟಿಗಿದ್ದದ್ದಕ್ಕೆ ಪುರಾವೆ ಎಂದು ಇಟ್ಟರು. ಜಗಳ ಆಡಿದ್ದೂ ಪುರಾವೆಯೇ, ಅದಕ್ಕೆ ಕಾಲಂ ಇರಲಿಲ್ಲ.

ಬಂಧುಮಿತ್ರರ ಪತ್ರಗಳೂ ಬೇಕಿದ್ದವು. ಹುಡುಗ ಧೈರ್ಯ ಮಾಡಿ ಮೊದಲು ಹೇಳಿದ್ದು ಸೋದರಮಾವನಿಗೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದವರು. ಬೈಗುಳಕ್ಕೆ ಕಿವಿಯೊಡ್ಡಿ ಕೂತವನಿಗೆ ಕೇಳಿಸಿದ್ದೇ ಬೇರೆ.

"ಇದು ನಮ್ಮ ಫಾರಂ ನಂಬರ್ 7 ಅಲ್ವೇನಪ್ಪಾ!" ಎಂದರು ಮಾವ. 1974ರ ಭೂಸುಧಾರಣೆಯಲ್ಲಿ ಉಳುವವನಿಗೇ ಭೂಮಿ ಎಂದಾಗ ಗೇಣಿದಾರರು ಹಾಕಿದ ಅರ್ಜಿ ಅದು. ಬಾಯಿಮಾತಿನ ಗೇಣಿ, ರಸೀತಿ ಇಲ್ಲ, ಪಹಣಿಯ 12ನೇ ಕಾಲಮ್ಮಿನಲ್ಲಿ ಸಾಗುವಳಿದಾರನ ಹೆಸರಿಲ್ಲ. ಉತ್ತದ್ದು ಮಾತ್ರ ನಿಜ. "ಅನುಭವದಲ್ಲಿದ್ದೀಯ, ದಾಖಲೆ ಇಲ್ಲ. ಅಕ್ಕಪಕ್ಕದವರ ಹೇಳಿಕೆ ತಗೋ. ಮಹಜರು ಮಾಡಿಸೋ ಪದ್ಧತಿ ಇದೆಯೇನು ಅಲ್ಲಿ?"

ಮಾವ ಅಂದು ರಾತ್ರಿಯೇ ಪತ್ರ ಬರೆದರು. 'ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಶುರುವಾಗಿ, 'ಸದರಿಯವರು ಮೂರು ವರ್ಷಗಳಿಂದ ವಿವಾಹವಾಗದೆ ಒಟ್ಟಿಗೆ ವಾಸವಾಗಿದ್ದು, ಇವರ ನಡತೆ ತೃಪ್ತಿಕರವಾಗಿರುತ್ತದೆ' ಎಂದು ಮುಗಿದಿತ್ತು. ಕನ್ನಡದ ಪತ್ರವಾದ್ದರಿಂದ ಇಂಗ್ಲಿಷಿಗೆ ಅನುವಾದಿಸಿ ಅನುವಾದಕನ ಪ್ರಮಾಣ ಸೇರಿಸಬೇಕು. 'ಸದರಿ'ಗೆ ಆತ ಏನು ಮಾಡಿದನೋ!

ಹುಡುಗಿ ಒಂದು ಮುಚ್ಚಳಿಕೆಯನ್ನೂ ಬರೆದುಕೊಡಬೇಕಿತ್ತು. ಹುಡುಗನಿಗೆ ಪಿಆರ್ ಬಂದ ದಿನದಿಂದ 3 ವರ್ಷ ಅವನ ಊಟ, ಬಟ್ಟೆ, ಸೂರಿಗೆ ಅವಳೇ ಹೊಣೆ, ನಡುವೆ ಇಬ್ಬರೂ ಬೇರೆಯಾದರೂ ಸರಿ. ಅಗ್ನಿಸಾಕ್ಷಿಯವರು ಏಳೇಳು ಜನ್ಮವೆಂದು ಧಾರಾಳವಾಗಿ ಒಪ್ಪಿಬಿಡುತ್ತಾರೆ. ಅವಳು ಈ 3 ವರ್ಷಕ್ಕೆ ಸಹಿ ಹಾಕುವ ಮುಂಚೆ ಎರಡು ದಿನ ಯೋಚಿಸಿದಳು.

ಅರ್ಜಿಯಲ್ಲಿ ಇನ್ನುಳಿದದ್ದು ಒಂದೇ ಪ್ರಶ್ನೆ: ನಿಮ್ಮ ಸಂಬಂಧ ನಿಮ್ಮ ಮನೆಯವರಿಗೆ ತಿಳಿದಿದೆಯೇ? ಇಲ್ಲವೆಂದರೆ ಯಾಕಿಲ್ಲವೆಂದು ವಿವರಿಸಬೇಕು. ಜಾತಿ, ಜಾತಕ, ಚಿಕ್ಕಪ್ಪನ ಸಿಟ್ಟು, ಇದನ್ನೆಲ್ಲ ಆ ಪುಟ್ಟ ಚೌಕದಲ್ಲಿ ಯಾರು ತುಂಬುತ್ತಾರೆ? ಅದಕ್ಕಿಂತ ಅಮ್ಮನಿಗೆ ಹೇಳುವುದೇ ಸಲೀಸು ಎನಿಸಿತು.

ಭಾನುವಾರ ಕಾಲ್ ಬಂತು. ಹುಡುಗ ಅಭ್ಯಾಸಬಲದಿಂದ ಬಚ್ಚಲಿಗೆ ಹೋದ. ಅವಳು ಒಂದೇ ಉಸಿರಿನಲ್ಲಿ ಹೇಳಿದಳು.

"ಏನು ಲಾ ಅಂದೆ? ಕಾಮನ ಲಾ?" ಅಮ್ಮನ ಧ್ವನಿ ಏರಿತು. "ಅದಕ್ಕೊಂದು ಕಾಯ್ದೆ ಬೇರೆ ಮಾಡಿದಾರಾ?"

ಹಿಂದಿನಿಂದ ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿ, "ಕೂಡಿಕೆ ಕಣೇ. ನಮ್ಮ ಕಾಲದಲ್ಲೂ ಇತ್ತು. ಪಂಚರ ಮುಂದೆ ಎಲೆ ಅಡಿಕೆ ಇಟ್ರೆ ಆಗ್ಹೋಯ್ತು" ಎಂದರು.

ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ. ಕುಕ್ಕರ್ ಮೂರು ಸಲ ಕೂಗಿತು. ಅದು ತಿಪಟೂರಿನದೋ ಬ್ರಾಂಪ್ಟನ್ನಿನದೋ ಗೊತ್ತಾಗಲಿಲ್ಲ. ಆಮೇಲೆ ಕ್ಯಾಮೆರಾ ಹತ್ತಿರ ಮುಖ ತಂದು ಕೇಳಿದರು:

"ಹೋಗ್ಲಿ, ಆ ಮೇಲ್ಮನೆ ಅಂಕಲ್‌ಗೆ ಕೆಮ್ಮು ವಾಸಿ ಆಯ್ತೇನೇ?"