ರಾಯರ ಲೆಡ್ಜರ್‌ನಲ್ಲಿ ಇಟಾಲಿಯನ್

ಷೆಂಗೆನ್ ವೀಸಾ 90 ದಿನಕ್ಕಿಂತ ಹೆಚ್ಚು ಇರಗೊಡುವುದಿಲ್ಲ. ಮಗನ ಮನೆಯ ಸೋಫಾದಲ್ಲಿ ಕೂತು ಕನ್ನಡ ಧಾರಾವಾಹಿ ನೋಡುವ ಅಪ್ಪಂದಿರಿಗೆ ಅದೇ ಧಾರಾಳ. ನಮ್ಮ ರಾಯರಂಥವರಿಗೆ ಮಾತ್ರ ಸಾಲದು. ಬ್ಯಾಂಕಿನಲ್ಲಿ ಆಯುಷ್ಯವೆಲ್ಲ ಲೆಕ್ಕ ತಾಳೆ ನೋಡಿದ ಕೈ. ಟೂರಿನ್‌ಗೆ ಇಳಿದ ಮರುದಿನವೇ ಉದ್ದನೆಯ ನೋಟ್‌ಬುಕ್ ತರಿಸಿ, ಸ್ಕೇಲಿಟ್ಟು ಆರಾರು ಕಾಲಂ ಎಳೆದು, ಇಟಾಲಿಯನ್ ಕ್ರಿಯಾಪದಗಳಿಗೆ ಖಾತೆ ತೆರೆದರು.

ಮೊದಲ ವಾರ ಹರ್ಷವೋ ಹರ್ಷ. ಮಾತಾಡುವುದಕ್ಕೆ ‘ಪರ್ಲಾರೆ’, ತಿನ್ನುವುದಕ್ಕೆ ‘ಮಂಜಾರೆ’, ಹೋಗುವುದಕ್ಕೆ ‘ಅಂದಾರೆ’. “ನೋಡಮ್ಮ, ಬಂದಾರೆ, ಹೋದಾರೆ ಅಂತ ನಮ್ಮ ಉತ್ತರ ಕರ್ನಾಟಕದವರ ಹಾಗೆ! ಪ್ರತಿ ಕ್ರಿಯಾಪದಕ್ಕೂ ಮರ್ಯಾದೆ ಸೇರಿಸೇ ಕೊಟ್ಟಿದಾರೆ,” ಎಂದರು ಸೊಸೆಗೆ. ‘ನಾನು’ ‘ನೀನು’ ಬಿಟ್ಟರೂ ಕ್ರಿಯಾಪದದ ಬಾಲ ನೋಡಿದರೆ ಯಾರೆಂದು ತಿಳಿಯುತ್ತದೆ ಎನ್ನುವುದು ಇನ್ನೂ ಹಿಡಿಸಿತು. ‘ಬರ್ತೀನಿ’ ಅಂದರೆ ಸಾಕಲ್ಲ ನಮಗೂ!

ಎರಡನೆಯ ವಾರ ಸುಸ್ತಿದಾರರು ಕಾಣಿಸಿಕೊಂಡರು. ‘ಆರೆ’, ‘ಎರೆ’, ‘ಇರೆ’ ಎಂದು ಮುಗಿಯುವ ಮೂರು ಪಂಗಡಗಳಲ್ಲಿ ಸಾಮಾನ್ಯ ಪದಗಳೆಲ್ಲ ಕಂತು ತಪ್ಪದ ಗಿರಾಕಿಗಳು. ಆದರೆ ಇರುವುದು, ಹೊಂದಿರುವುದು, ಹೋಗುವುದು, ಮಾಡುವುದು — ಬೆಳಗ್ಗೆ ಎದ್ದರೆ ಬೇಕಾಗುವ ಇವು ಯಾವುದೂ ನಿಯಮಕ್ಕೆ ಬಗ್ಗುವುದಿಲ್ಲ. “ನಮ್ಮ ಬ್ಯಾಂಕಲ್ಲೂ ಹೀಗೇ. ದೊಡ್ಡ ಕುಳಗಳೇ ಬಾಕಿ ಇಟ್ಕೊಳ್ಳೋದು,” ಎಂದು ರಾಯರು ಕೆಂಪು ಶಾಯಿಯಲ್ಲಿ ಬರೆದುಕೊಂಡರು. ‘ಅಂದಾರೆ’ಯದಂತೂ ಹಗರಣ. ನಾವು ಹೋಗುತ್ತೇವೆ ಎಂದರೆ ‘ಅಂದ್ಯಾಮೊ’, ಸರಿ. ನಾನು ಹೋಗುತ್ತೇನೆ ಎಂದರೆ ‘ವಾದೊ’! ಬೇನಾಮಿ ಖಾತೆಯೇ ಸೈ.

ಟ್ರಾಮ್ ನಿಲ್ದಾಣದಲ್ಲಿ ಮುದುಕಿಯೊಬ್ಬರು, ಇದು ಪೋರ್ತಾ ಪಲಾತ್ಸೊ ಮಾರುಕಟ್ಟೆಗೆ ಹೋಗುತ್ತದೆಯೇ ಎಂದು ಕೇಳಿದರು. ರಾಯರು ಮೊದಲ ಕಾಲಂನಿಂದ ಶುರು ಹಚ್ಚಿದರು: ವಾದೊ, ವಾಯ್... ‘ವಾ’ ಸಿಕ್ಕುವಷ್ಟರಲ್ಲಿ ಟ್ರಾಮ್ ಹೊರಟುಹೋಗಿತ್ತು. ‘ಹೋಯಿತು’ ಎನ್ನೋಣವೆಂದರೆ ಭೂತಕಾಲದ ಪಾಠ ಇನ್ನೂ ಬಂದಿಲ್ಲ.

ಪಾಠ ಹಾರಿಸುವುದು ರಾಯರ ಜಾಯಮಾನವಲ್ಲ. ಅಂಗಡಿಯಲ್ಲಿ ನಯವಾಗಿ ಕೇಳಲು ‘ವೊರ್ರೇಯ್’ ಅನ್ನಿ ಮಾವ ಎಂದು ಸೊಸೆ ಹೇಳಿಕೊಟ್ಟರೆ, ಆ ರೂಪ ಪುಸ್ತಕದ ಕೊನೆಯಲ್ಲಿದೆ ಎಂದು ತಳ್ಳಿಹಾಕಿದರು. ಹೀಗಾಗಿ ಬೇಕರಿಯವನ ಮುಂದೆ ‘ವೊಲ್ಯೊ’, ಅಂದರೆ ‘ನನಗೆ ಬೇಕು’ ಎಂದು ಸಾಲ ವಸೂಲಿಗೆ ಬಂದವರ ಗತ್ತಿನಲ್ಲಿ ಬ್ರೆಡ್ ಕೇಳುವರು. ಸೊಸೆ ಹೊರಗೇ ನಿಲ್ಲುವಳು.

ಪೋರ್ತಾ ಪಲಾತ್ಸೊ ಯೂರೋಪಿನ ಅತಿ ದೊಡ್ಡ ಬಯಲು ಮಾರುಕಟ್ಟೆಗಳಲ್ಲೊಂದು. ಅಲ್ಲಿ ರಾಯರು, ಊರಿನಲ್ಲಿ ಮಾಡುವಂತೆ, ಟೊಮೆಟೊ ರಾಶಿಗೆ ಕೈಹಾಕಿ ಒಂದೊಂದನ್ನೇ ಅದುಮಿ ನೋಡತೊಡಗಿದರು. ಆ ದೇಶದಲ್ಲಿ ಆರಿಸಿಕೊಡುವುದು ಅಂಗಡಿಯವರ ಹಕ್ಕು. “ನೋನ್ ತೊಕ್ಕಾರೆ!” ಎಂದು ಮಾರುವಾಕೆ ಕಿರುಚಿದಳು. ಮುಟ್ಟಬೇಡ ಎಂದದ್ದು. ರಾಯರ ಮುಖ ಅರಳಿತು. “ನೋಡಿದೆಯೇನಮ್ಮ, ಬೈಯುವಾಗಲೂ ‘ಆರೆ’ ಅಂತ ಬಹುವಚನ!”

ಮನೆಗೆ ಬಂದು ಪುಸ್ತಕ ತೆರೆದಾಗ ಅಸಲು ಸಂಗತಿ ತಿಳಿಯಿತು. ಮೂಲರೂಪವನ್ನು ಹಾಗೇ ಇಟ್ಟು ‘ಬೇಡ’ ಎನ್ನುವುದು ‘ನೀನು’ ಎನ್ನುವವರಿಗೆ. ಗೌರವದಿಂದ ಹೇಳಿದ್ದರೆ ‘ನೋನ್ ತೊಕ್ಕಿ’ ಆಗಬೇಕಿತ್ತು. “ಏಕವಚನ! ಈ ವಯಸ್ಸಿನಲ್ಲಿ!” ಎಂದು ರಾಯರು ಕನ್ನಡಕ ತೆಗೆದಿಟ್ಟರು.

“ಮಾವ, ಇಲ್ಲಿ ಮರ್ಯಾದೆ ಕೊಟ್ಟರೆ ‘ಲೇಯಿ’ ಅಂತಾರೆ. ‘ಅವಳು’ ಅನ್ನೋದಕ್ಕೂ ಅದೇ ಮಾತು. ನಿಮಗೆ ಯಾವುದಾಗಬೇಕು?” ಎಂದಳು ಸೊಸೆ.

ರಾಯರು ಉತ್ತರಿಸಲಿಲ್ಲ. ಮುಂದಿನ ಶನಿವಾರ ಮೊಮ್ಮಗನ ಕೈ ಹಿಡಿದು ಅದೇ ಅಂಗಡಿಗೆ ಹೋಗಿ, ಇನ್ನೊಂದು ಕೈಯನ್ನು ಬೆನ್ನ ಹಿಂದೆ ಇಟ್ಟು ನಿಂತರು. ಆಕೆ ಮಗುವನ್ನು ನೋಡಿ ನಕ್ಕು, “ದಿಮ್ಮಿ, ನೊನ್ನೊ!” ಎಂದಳು. ಹೇಳು ಅಜ್ಜ ಎಂದು. ಮತ್ತೆ ಏಕವಚನವೇ. “ಅಜ್ಜನಿಗೆ ನಡೆಯುತ್ತೆ ಬಿಡು, ನಮ್ಮನೇಲೂ ಮೊಮ್ಮಕ್ಕಳು ನೀನು ಅಂತಲೇ ಅನ್ನೋದು,” ಎಂದು ರಾಯರು ಕನ್ನಡದಲ್ಲೇ ಆಕೆಗೆ ವಿವರಿಸಿ, ಒಂದನ್ನೂ ಮುಟ್ಟದೆ ಎರಡು ಕಿಲೋ ಟೊಮೆಟೊ ತಂದರು. ಸೊಸೆ ಅದರಲ್ಲಿ ಮೂರು ಕೊಳೆತದ್ದನ್ನು ಬೇರೆ ಎತ್ತಿಟ್ಟಳು.