ಬೆಂಗಳೂರ ಕಾಕಾ

ಕಲಘಟಗಿ ತಾಲೂಕಿನ ತಂಬೂರಿಗೆ ಹೋಗಿ ಬಸವಣ್ಣನ ಗುಡಿಯ ಹತ್ತಿರ ನಿಂತು "ಬೆಂಗಳೂರ ಕಾಕಾನ ಮನಿ ಯಾವುದು?" ಎಂದು ಕೇಳಿದರೆ ಸಣ್ಣ ಹುಡುಗರೂ ಕೈಮಾಡಿ ತೋರಿಸುತ್ತಾರೆ. ಕಾಕಾ ಬೆಂಗಳೂರಿನಲ್ಲಿ ನೌಕರಿ ಮಾಡಿದವರಲ್ಲ, ಅಲ್ಲೊಂದು ಸೈಟು ಮಾಡಿಟ್ಟವರೂ ಅಲ್ಲ. ವರ್ಷಗಟ್ಟಲೆ ಆ ಊರಿಗೆ ಹೋಗಿಬಂದರೂ ಲಾಡ್ಜಿನವನ ಕೈಗೆ ಒಂದು ರೂಪಾಯಿ ಇಟ್ಟಿಲ್ಲ ಎಂಬುದೇ ಅವರ ಕೀರ್ತಿ. ಇಂಥವರು ನವಲಗುಂದದಲ್ಲಿದ್ದಾರೆ, ಕುಂದಗೋಳದಲ್ಲಿದ್ದಾರೆ, ಅಣ್ಣಿಗೇರಿಯಲ್ಲಂತೂ ಓಣಿಗೊಬ್ಬರು ಸಿಕ್ಕಾರು.

ಊರಲ್ಲಿ ಯಾರದೇ ಪಿಂಚಣಿ ಫೈಲು ನಿಂತಿರಲಿ, ಯಾರನ್ನೇ ಕಿದ್ವಾಯಿಗೋ ನಿಮ್ಹಾನ್ಸಿಗೋ ತೋರಿಸುವುದಿರಲಿ, ಮೊದಲು ಕಾಕಾನ ಪಡಸಾಲೆಗೆ ಬರುತ್ತಾರೆ. ಫೀಜು ಇಲ್ಲ. "ನಂದೊಂದು ಟಿಕೀಟು ತಗಸು, ಮಕ್ಕೊಳ್ಳೂ ಚಿಂತಿ ನನಗ ಬಿಡು" ಅನ್ನುತ್ತಾರೆ. ಬಗಲಚೀಲ ಸದಾ ಸಿದ್ಧ: ಕಟಕ ರೊಟ್ಟಿ, ಶೇಂಗಾ ಚಟ್ನಿ, ಲುಂಗಿ, ಟವೆಲ್ಲು, ತೆಳ್ಳನೆಯದೊಂದು ಚಾದರ. ತೆಲಿದಿಂಬು ಬೇಡ, ರೊಟ್ಟಿ ಖಾಲಿಯಾದ ಮೇಲೆ ಚೀಲವೇ ದಿಂಬು.

ಕಾಕಾನ ಪ್ರಕಾರ ಬೆಂಗಳೂರಿನ ಅತ್ಯುತ್ತಮ ಲಾಡ್ಜು ಹುಬ್ಬಳ್ಳಿಯಿಂದ ಹೊರಡುತ್ತದೆ. ರಾತ್ರಿ ಊಟ ಮುಗಿಸಿ ಬಸ್ಸು ಹತ್ತಿದರೆ ನಸುಕಿನಲ್ಲಿ ಮೆಜೆಸ್ಟಿಕ್ಕು. ಸುಲಭ ಶೌಚಾಲಯದಲ್ಲಿ ಜಳಕ, ಹೊರಗೆ ಇಡ್ಲಿ, ಹತ್ತಕ್ಕೆ ಎಂ.ಎಸ್. ಬಿಲ್ಡಿಂಗು, ರಾತ್ರಿ ಮತ್ತೆ ಬಸ್ಸು. ಎರಡು ರಾತ್ರಿ ಕಳೆದವು, ಖೋಲಿ ಬಾಡಿಗೆ ಸೊನ್ನೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೂ ಇದೇ ಕಾರಣಕ್ಕೆ ಅವರು ಕೈಮುಗಿಯುತ್ತಾರೆ. 2023ರ ಜೂನ್‌ನಲ್ಲಿ ಧಾರವಾಡಕ್ಕೆ ವಂದೇ ಭಾರತ್ ಬಂದಾಗ ಊರೆಲ್ಲ ಸಂಭ್ರಮಪಟ್ಟಿತು, ಕಾಕಾ ಮಾತ್ರ ಮುಖ ಸಿಂಡರಿಸಿದರು. ಮಧ್ಯಾಹ್ನ ಬಿಟ್ಟು ಕತ್ತಲಾಗುವ ಹೊತ್ತಿಗೆ ಬೆಂಗಳೂರಿಗೆ ಒಯ್ದು ಇಳಿಸುವ ಗಾಡಿ ಅದು. "ಮಕ್ಕೊಳ್ಳೂ ಹೊತ್ತಿಗೆ ಸರಿಯಾಗಿ ಇಳಿಸಿ ಹೋಗತೈತಿ. ಇದು ಲಾಡ್ಜಿನವರು ಬಿಡಿಸಿದ ರೈಲು" ಎಂದು ತೀರ್ಪು ಕೊಟ್ಟರು.

ಫೈಲು ಒಂದೇ ದಿನಕ್ಕೆ ಮುಗಿಯದಿದ್ದರೆ? ಫೈಲಿಗೇನು ಅವಸರ. ಆಗ ಶಾಸಕರ ಭವನ. ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಬರೆದಿದೆಯಲ್ಲ, ಅದನ್ನೇ ಕಾಕಾ ಕಾನೂನಿನಂತೆ ಎತ್ತಿ ಹೇಳುತ್ತಾರೆ: "ದೇವರ ಕೆಲಸಕ್ಕ ಬಂದಾವರಿಗೆ ಗುಡ್ಯಾಗ ಬಾಡಿಗಿ ಎಲ್ಲೈತಿ?" ಸಾಹೇಬರು ಯಾವ ಪಕ್ಷದವರು ಎಂಬುದು ಹಗಲಿನ ಪ್ರಶ್ನೆ. ರಾತ್ರಿ ಹತ್ತರ ಮೇಲೆ ಖೋಲಿಯೊಳಗಿನ ಮಂದಿಯೆಲ್ಲ ಚಾದರ ಪಕ್ಷ. ಮಂಚ ಗುತ್ತಿಗೆದಾರರದು, ನೆಲ ಮತದಾರರದು. ಹೊಸಬರನ್ನು ಕರೆದೊಯ್ದಾಗ ಕಾಕಾ ಬಾಗಿಲಲ್ಲೇ ಪಾಠ ಶುರು ಮಾಡುತ್ತಾರೆ: "ತಮ್ಮಾ, ಬಾಗಲದ ಕಡೆ ಮಕ್ಕೋಬ್ಯಾಡ, ಬಂದಾವರೆಲ್ಲ ತುಳೀತಾರ. ಬಚ್ಚಲದ ಕಡೆನೂ ಬ್ಯಾಡ, ರಾತ್ರಿಯೆಲ್ಲ ಲೈಟು. ಕಪಾಟಿಗೆ ಹೊಂದಿ ಹಾಸು, ಅಲ್ಲಿ ಮೊಬೈಲ್ ಚಾರ್ಜಿಗೆ ಹಚ್ಚಾಕ ಪ್ಲಗ್ಗೂ ಐತಿ. ಮತ್ತ ನಾಕೂವರಿಗೇ ಏಳು. ಐದಕ್ಕ ಪಾಳಿ ಹಚ್ಚಿದರ ಬಚ್ಚಲ ಸಿಗೂದು ಒಂಬತ್ತಕ್ಕ." ಸಾಹೇಬರು ಎಲ್ಲಿ ಮಲಗುತ್ತಾರೆ ಎಂದು ಒಬ್ಬ ಹುಡುಗ ಕೇಳಿದ್ದನಂತೆ. "ಅವರಿಗೆ ಇಲ್ಲಿ ಜಾಗ ಎಲ್ಲೈತಪಾ" ಅಂದರಂತೆ ಕಾಕಾ.

ಅಲ್ಲೂ ನೆಲ ಸಿಗದ ದಿನ ತೋಟದಪ್ಪನವರ ಛತ್ರ. ದೂರದಿಂದ ಬಂದವರು ರೈಲಿಳಿದು ಎಲ್ಲಿ ತಲೆ ಇಡಬೇಕು ಎಂದು ಯೋಚಿಸಿ ನಿಲ್ದಾಣದ ಎದುರಿಗೇ 1903ರಲ್ಲಿ ಛತ್ರ ತೆರೆದ ವ್ಯಾಪಾರಿ ಗುಬ್ಬಿ ತೋಟದಪ್ಪ. ಅವರ ಹೆಸರು ಹೇಳುವಾಗ ಕಾಕಾ ಎಲೆಅಡಿಕೆ ಉಗುಳಿ ಬಂದು ಹೇಳುತ್ತಾರೆ. "ನಮ್ಮ ಕಡೆ ಸಾವ್ಕಾರರು ಗುಡಿಗೆ ಕಳಸ ಇಡಸ್ತಾರ. ಆ ಪುಣ್ಯಾತ್ಮ ಮಂದಿ ತೆಲಿ ಇಡಾಕ ಜಾಗಾ ಕೊಟ್ಟಾನ." ಈ ಮಾತಿಗೆ ನನ್ನದೂ ಸಹಿ ಇದೆ. ಸಿದ್ಧಾರೂಢ ಮಠದ ಅಂಗಳದಲ್ಲಿ ಉಂಡು ಮಲಗಿ ಬೆಳೆದ ಜಿಲ್ಲೆಯವರಿಗೆ ನಿದ್ದೆಗೆ ರಸೀದಿ ಹರಿಯುವುದು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ.

2022ರ ಜುಲೈವರೆಗೆ ಸಾವಿರ ರೂಪಾಯಿಯೊಳಗಿನ ಲಾಡ್ಜು ಖೋಲಿಗೆ ಜಿಎಸ್‌ಟಿ ಇರಲಿಲ್ಲ. ಆ ವಿನಾಯಿತಿ ತೆಗೆದು 12 ಪರ್ಸೆಂಟು ಹಾಕಿದ ಸುದ್ದಿಯನ್ನು ಕಾಕಾ ಪೇಪರಿನಲ್ಲಿ ಎರಡು ಸಲ ಓದಿಸಿ ಕೇಳಿದರು. ತಮಗೆ ಒಂದು ಪೈಸೆ ಹೊರೆ ಬೀಳದಿದ್ದರೂ ವಾರಗಟ್ಟಲೆ ಸಿಟ್ಟಾಗಿದ್ದರು. "ಇನ್ನ ಗೊರಕಿಗೆ ಯಾವಾಗ ಹಾಕ್ತಾರೋ!"

ಕಾಕಾನ ಧಂದೆಗೆ ಮೊದಲ ಪೆಟ್ಟು ಬಿದ್ದದ್ದು 2008ರಲ್ಲಿ, ಧಾರವಾಡಕ್ಕೆ ಹೈಕೋರ್ಟು ಪೀಠ ಬಂದಾಗ. ಹೊಲದ ವ್ಯಾಜ್ಯದವರೆಲ್ಲ ಮುಂಜಾನೆ ಹೋಗಿ ಸಂಜೆಗೆ ಮನೆಗೆ ಬರತೊಡಗಿದರು. ಜಿಲ್ಲೆಗೆ ಒಳ್ಳೆಯದಾಯಿತು ಎಂದು ಕಾಕಾನೂ ಒಪ್ಪುತ್ತಾರೆ, ಆದರೆ ನಿಟ್ಟುಸಿರು ಬಿಟ್ಟು.

ಎರಡನೆಯ ಪೆಟ್ಟು ಮನೆಯೊಳಗಿಂದಲೇ ಬಂತು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳಿಗೆ ಸಾದಾ ಬಸ್ಸು ಪುಕ್ಕಟೆ ಆಯಿತಲ್ಲ, ಅಲ್ಲಿಯವರೆಗೆ ಬೆಂಗಳೂರು ನೋಡದ ಕಾಕು ಆಧಾರ್ ಕಾರ್ಡು ಹಿಡಿದು ಎದ್ದರು. ಮೆಜೆಸ್ಟಿಕ್ಕಿನಲ್ಲಿ ಇಳಿದು ಕಾಕಾ ಶಾಸಕರ ಭವನದ ವೈಭವ ವರ್ಣಿಸುತ್ತಿದ್ದಂತೆ ಕಾಕು ಸೀರೆಯ ನಿರಿಗೆ ಸರಿಮಾಡಿಕೊಂಡು ಕೇಳಿದರು: "ನನ್ನ ಟಿಕೀಟಿನ ರೊಕ್ಕ ಉಳದೈತಲ್ರಿ?"

"ಹೂಂ, ಉಳದೈತಿ."

"ಅದರಾಗ ಒಂದು ಖೋಲಿ ಹಿಡೀರಿ. ಬಿಸಿನೀರು ಇರಬೇಕು, ಬಾಗಲಕ್ಕ ಚಿಲಕಾ ಇರಬೇಕು."

ಗಾಂಧಿನಗರದ ಆ ಕೌಂಟರಿನಲ್ಲಿ ಕಾಕಾ ಮುಕ್ಕಾಲು ತಾಸು ಚೌಕಾಸಿ ಮಾಡಿದರು. ಟಿವಿ ಬೇಡ, ಅದರ ರೊಕ್ಕ ಬಿಡು ಎಂದರು. ಟವೆಲ್ಲು ತಂದೀನಿ, ಅದರದೂ ಬಿಡು ಎಂದರು. ಕೊನೆಗೆ ಕಾಕುನೇ ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಟ್ಟರು. ಹೀಗಾಗಿ ಕಾಕಾ ಇಂದಿಗೂ ಕಟ್ಟೆಯ ಮೇಲೆ ಎದೆಮುಟ್ಟಿ ಹೇಳಬಲ್ಲರು, ತಾವು ಲಾಡ್ಜಿಗೆ ಒಂದು ರೂಪಾಯಿಯೂ ಕೊಟ್ಟಿಲ್ಲ ಎಂದು. ಅಂದು ಬಿಸಿನೀರು ಮಾತ್ರ ಮೂರು ಬಕೆಟ್ಟು ಸುರಿದುಕೊಂಡರು ಎನ್ನುವುದು ಕಾಕು ಹೇಳಿದ್ದು.

ಇನ್ನು ಮಾರತಹಳ್ಳಿ, ವೈಟ್‌ಫೀಲ್ಡ್ ಕಡೆ ಪಿಜಿ, ಫ್ಲ್ಯಾಟು ಹಿಡಿದಿರುವ ನಮ್ಮ ಕಡೆಯ ಹುಡುಗರಿಗೆ ಒಂದು ಮಾತು. ನಸುಕಿನ ಐದೂವರೆಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಹೆದರಬೇಡಿ, ಕಟ್ ಮಾಡಬೇಡಿ. ಗೇಟಿನವನಿಗೆ ಒಂದು ಮಾತು ಹೇಳಿ ಒಳಗೆ ಕರೆಸಿಕೊಳ್ಳಿ. ಚಾದರ ಅವರದೇ ಇರುತ್ತದೆ, ನೀವು ಒಂದು ಚಾಪೆ ಕೊಟ್ಟರೆ ಸಾಕು. ರೊಟ್ಟಿ ಚಟ್ನಿ ನಿಮಗೇ ಬಿಟ್ಟು ಹೋಗುತ್ತಾರೆ.