ಮೂಲಗ್ರಂಥಾಚಾರ್ಯರು

ಮಗಳ ಬಾಣಂತನದ ನಿಮಿತ್ತ ನಾನೂ ನನ್ನ ಮನೆಯವಳೂ 2019ರ ವಸಂತಕಾಲವನ್ನು ಅಮೆರಿಕದ ನ್ಯೂಜೆರ್ಸಿಯಲ್ಲಿ ಕಳೆಯಬೇಕಾಗಿ ಬಂದಾಗ, ಭಾನುವಾರದ ರಾತ್ರಿ ಒಂಬತ್ತು ಗಂಟೆಯೆಂಬುದು ಆ ಮನೆಯಲ್ಲಿ ಕೂಸಿನ ಎಣ್ಣೆನೀರಿಗಿಂತಲೂ ಕಟ್ಟುನಿಟ್ಟಾಗಿ ಪರಿಪಾಲಿಸಲ್ಪಡುವ ಮುಹೂರ್ತವೆಂದು ಮೊದಲ ವಾರದಲ್ಲಿಯೇ ಮನದಟ್ಟಾಯಿತು. ‘ಗೇಮ್ ಆಫ್ ಥ್ರೋನ್ಸ್’ ಎಂಬ ಧಾರಾವಾಹಿಯ ಎಂಟನೆಯ ಸೀಸನ್, ಎಂದರೆ ಕಡೆಯದು, ಏಪ್ರಿಲ್ 14ರಂದು ಪ್ರಾರಂಭವಾಗಿ ಆರು ವಾರಗಳಲ್ಲಿ ಆರು ಕಂತಾಗಿ ಮುಗಿಯುವುದಿತ್ತು. ಅಳಿಯನ ಸ್ನೇಹಿತರು, ಎಲ್ಲರೂ ನಮ್ಮ ಕಡೆಯ ಹುಡುಗರೇ, ಎಂಟೂವರೆಗೇ ಬಂದು, ಬಾಗಿಲ ಬಳಿ ಚಪ್ಪಲಿ-ಬೂಟುಗಳ ಗುಡ್ಡೆ ಹಾಕಿ, ಇವಳು ಮಾಡಿಟ್ಟ ಖಾರದ ಅವಲಕ್ಕಿಯ ತಟ್ಟೆ ಹಿಡಿದು ಸೋಫಾಗಳಲ್ಲಿ ಆಸೀನರಾಗುತ್ತಿದ್ದರು. ಎಲ್ಲರಿಗಿಂತ ಕಡೆಯಲ್ಲಿ, ಕಂಕುಳಲ್ಲಿ ದಪ್ಪದೊಂದು ಪುಸ್ತಕವನ್ನಿಟ್ಟುಕೊಂಡು ಬಂದು, ಸೋಫಾವನ್ನು ತಿರಸ್ಕರಿಸಿ ಊಟದ ಮೇಜಿನ ಕುರ್ಚಿಯನ್ನೇ ಎಳೆದುಕೊಂಡು ಕೂರುವ ಮಹನೀಯರೊಬ್ಬರಿದ್ದರು. ಮಿಕ್ಕವರು ಅವರನ್ನು ‘ಬುಕ್ ರೀಡರ್’ ಎನ್ನುತ್ತಿದ್ದರು. ನಾನು ಮನಸ್ಸಿನಲ್ಲಿಯೇ ಮೂಲಗ್ರಂಥಾಚಾರ್ಯರೆಂದು ನಾಮಕರಣ ಮಾಡಿದೆ, ಕೂಸಿಗಿನ್ನೂ ಹೆಸರಿಟ್ಟಿರಲಿಲ್ಲ.

ವಿಷಯ ತಿಳಿಯದವರಿಗಾಗಿ ಎರಡು ಮಾತು. ಜಾರ್ಜ್ ಆರ್. ಆರ್. ಮಾರ್ಟಿನ್ ಎಂಬ ಕಾದಂಬರಿಕಾರರು ಮೂರೇ ಸಂಪುಟಗಳಲ್ಲಿ ಮುಗಿಸುವೆನೆಂದು ಹೊರಟ ಕಥೆಯು ಏಳು ಸಂಪುಟಗಳ ಯೋಜನೆಯಾಗಿ ಬೆಳೆದು, ಮೊದಲನೆಯದು 1996ರಲ್ಲಿಯೂ ಐದನೆಯದು 2011ರಲ್ಲಿಯೂ ಪ್ರಕಟವಾಗಿ, ಅಲ್ಲಿಗೆ ನಿಂತಿದೆ. ಅದೇ 2011ರಲ್ಲಿ ಎಚ್‌ಬಿಒದವರು ಕಥೆಯನ್ನು ಟಿವಿಗೆ ತಂದರು; ಅವರು ನಿಲ್ಲಲಿಲ್ಲ. ಉತ್ಸವಮೂರ್ತಿಗೆ ಅಲಂಕಾರ ಮುಗಿಯುವುದರೊಳಗೆ ತೇರು ಬೀದಿ ಸುತ್ತಿ ಬಂದುಬಿಟ್ಟರೆ ಹೇಗೋ ಹಾಗಾಯಿತು.

ಆಚಾರ್ಯರ ವಯಸ್ಸು ನಲವತ್ತು, ವೃತ್ತಿ ಸಾಫ್ಟ್‌ವೇರ್, ಊರು ದಾವಣಗೆರೆಯ ಕಡೆ. ಅವರ ಕಂಕುಳಲ್ಲಿದ್ದುದು ಮೂರನೆಯ ಸಂಪುಟ; ಅದರ ಬೆನ್ನು ಬಿರಿದು ಎರಡು ಹೋಳಾಗಿ, ಕೊತ್ತಂಬರಿ ಸೊಪ್ಪಿನ ಕಟ್ಟಿಗೆ ಸುತ್ತಿ ಬರುವ ನೀಲಿ ರಬ್ಬರ್ ಬ್ಯಾಂಡಿನಿಂದ ಬಂಧಿಸಲ್ಪಟ್ಟು, ಅಂಚಿನುದ್ದಕ್ಕೂ ಹಳದಿ ಚೀಟಿಗಳನ್ನು ಹೊರಚಾಚಿಕೊಂಡಿತ್ತು. ಧಾರಾವಾಹಿಯಲ್ಲಿ ಯಾರಾದರೂ ಬಾಗಿಲು ತೆರೆದರೆ ಸಾಕು, ಆಚಾರ್ಯರು ಗಂಟಲನ್ನು ಸರಿಮಾಡಿಕೊಂಡು, ಅಷ್ಟೂ ಸಂಪುಟಗಳ ಸಾರವನ್ನು ಎರಡೇ ಪದಗಳಲ್ಲಿ ಇಳಿಸುತ್ತಿದ್ದರು: “ಬುಕ್ಕಲ್ಲಿ ಹಂಗಿಲ್ಲ.” ಡೆನೇರಿಸ್ ಎಂಬ ರಾಣಿಯ ಕಣ್ಣಿನ ಬಣ್ಣ ನೇರಳೆಯಾಗಿರಬೇಕು, ಹಾಗಿಲ್ಲ. ಟಿರಿಯನ್ ಎಂಬ ಕುಳ್ಳನಿಗೆ ಯುದ್ಧದಲ್ಲಿ ಮೂಗಿನ ಬಹುಭಾಗವೇ ಹಾರಿಹೋಗಬೇಕು. ಟಿವಿಯವರು ಮುಖಕ್ಕೊಂದು ಗಾಯದ ಗೆರೆ ಎಳೆದು ಕೈತೊಳೆದುಕೊಂಡಿದ್ದಾರೆ. ಶೂರ್ಪನಖಿಯ ಮೂಗು ಹೋದುದಕ್ಕೆ ರಾಮಾಯಣ ನಡೆಯಿತು. ಈತನ ಮೂಗು ಹೋಗದೆ ಉಳಿದುದಕ್ಕೆ 2012ರಿಂದ ಆ ಮಂಡಲಿಯಲ್ಲಿ ವ್ಯಾಜ್ಯ ನಡೆಯುತ್ತಿತ್ತು.

ಆಚಾರ್ಯರಿಗೂ ಒಂದು ವೈಭವದ ಕಾಲವಿತ್ತೆಂದು ಅಳಿಯ ಹೇಳಿದ. ಮದುವೆಗೆಂದು ಕರೆದ ಅತಿಥಿಗಳನ್ನು ಊಟದ ಮನೆಯಲ್ಲಿಯೇ ಆತಿಥೇಯನು ಕೊಲ್ಲಿಸುವ ಪ್ರಸಂಗವೊಂದು ಈ ಕಥೆಯಲ್ಲಿದೆ. ಮೂರನೆಯ ಸಂಪುಟದಲ್ಲಿ 2000ದಲ್ಲಿಯೇ ಅಚ್ಚಾದುದು. ಓದಿದವರೆಲ್ಲ ಅದನ್ನು ಮಂತ್ರೋಪದೇಶದಂತೆ ಗೋಪ್ಯವಾಗಿ ಕಾಪಾಡಿಕೊಂಡು ಬಂದಿದ್ದರು. ಆ ಕಂತು ಪ್ರಸಾರವಾದ 2013ರ ಜೂನ್ 2ರಂದು ಆಚಾರ್ಯರು ಸ್ನೇಹಿತರೆಲ್ಲರನ್ನೂ ತಮ್ಮ ಮನೆಗೇ ಆಹ್ವಾನಿಸಿ, ಬಿಸಿಬೇಳೆಬಾತು ಬಡಿಸಿ, ತಾವು ಮಾತ್ರ ಟಿವಿಗೆ ಬೆನ್ನುಮಾಡಿ ನೋಡುವವರ ಕಡೆಗೆ ಮುಖಮಾಡಿ ಕುಳಿತರಂತೆ. ಕತ್ತಿಗಳು ಹೊರಬಂದು, ತುತ್ತು ಕೈಯಲ್ಲಿಯೇ ಉಳಿದು, ಹೆಂಗಸರು ಚೀರಿದಾಗ, ಅವರ ಮುಖದಲ್ಲಿ ಮೂಡಿದ ಸಾತ್ವಿಕ ಆನಂದವನ್ನು ಅಳಿಯ ಇಂದಿಗೂ ಕ್ಷಮಿಸಿಲ್ಲ.

ಮೂರು ವರ್ಷಗಳಲ್ಲಿ ಕಾಲಚಕ್ರ ತಿರುಗಿತು. ಆರನೆಯ ಸೀಸನ್ನಿಗೆ ಮೊದಲು ಆರನೆಯ ಸಂಪುಟವನ್ನು ಮುಗಿಸಲಾಗಲಿಲ್ಲವೆಂದು ಮಾರ್ಟಿನ್ನರೇ 2016ರ ಆರಂಭದಲ್ಲಿ ಒಪ್ಪಿಕೊಂಡುಬಿಟ್ಟರು. ತನ್ನ ಹೆಸರಾದ ‘ಹೋಡೋರ್’ ಎಂಬ ಒಂದೇ ಪದವನ್ನು ಜೀವಮಾನವೆಲ್ಲ ಉಚ್ಚರಿಸುವ ಸೇವಕನೊಬ್ಬನಿದ್ದಾನೆ. ಅವನಿಗೆ ಆ ಪದವೇಕೆ ಅಂಟಿಕೊಂಡಿತೆಂಬುದನ್ನು ಆ ವರ್ಷದ ಮೇ 22ರ ಕಂತು, ಅವನು ಬಾಗಿಲೊಂದನ್ನು ಒತ್ತಿ ಹಿಡಿದು ಪ್ರಾಣ ಬಿಡುವಲ್ಲಿ, ಬಿಡಿಸಿ ತೋರಿಸಿತು. ಅದು ಯಾವ ಸಂಪುಟದಲ್ಲಿಯೂ ಇರಲಿಲ್ಲ. ಅಂದು ಆಚಾರ್ಯರು ಎಲ್ಲರಂತೆ ಟಿವಿಯ ಕಡೆಗೆ ಮುಖಮಾಡಿ ಕುಳಿತಿದ್ದರು, ಎಲ್ಲರಂತೆಯೇ ಅತ್ತರು. ಸೇವಕನಿಗಾಗಿ ಅತ್ತರೋ, ಸಾಮಾನ್ಯ ಪ್ರೇಕ್ಷಕರ ಪಂಕ್ತಿಗೆ ತಾವು ಇಳಿದುದಕ್ಕಾಗಿ ಅತ್ತರೋ, ನಿರ್ಣಯಿಸುವುದು ಕಷ್ಟ.

ಆದರೆ ನಿಜವಾದ ಪಂಡಿತನನ್ನು ಪ್ರಮಾಣಾಭಾವವು ಬಹುಕಾಲ ಬಾಧಿಸದು. ನಾನು ಮೂವತ್ತು ವರ್ಷ ಕನ್ನಡ ವ್ಯಾಕರಣವನ್ನು ಬೋಧಿಸಿ ನಿವೃತ್ತನಾದವನಾದುದರಿಂದ, 2019ರ ಹೊತ್ತಿಗೆ ಆಚಾರ್ಯರ ಸೂತ್ರದಲ್ಲಿ ಸಂಭವಿಸಿದ್ದ ಸೂಕ್ಷ್ಮವಾದ ಮಾರ್ಪಾಟು ನನ್ನ ಕಿವಿಗೆ ಕೂಡಲೇ ಬಿತ್ತು. ಹಳೆಯ ಕಂತುಗಳ ಮಾತು ಬಂದರೆ “ಬುಕ್ಕಲ್ಲಿ ಹಂಗಿಲ್ಲ” ಎನ್ನುತ್ತಿದ್ದವರು, ಹೊಸ ಕಂತು ಮುಗಿಯುತ್ತಲೇ “ಬುಕ್ಕಲ್ಲಿ ಹಂಗಿರಲ್ಲ” ಎನ್ನುತ್ತಿದ್ದರು. ಒಂದು ‘ರ’ಕಾರ ನುಸುಳಿ ನಿಷೇಧವನ್ನು ಭವಿಷ್ಯತ್ಕಾಲಕ್ಕೆ ವರ್ಗಾಯಿಸಿಬಿಟ್ಟಿತು! ಬರೆದ ಗ್ರಂಥವನ್ನು ಎದುರಾಳಿಯೂ ತಂದು ಪುಟ ತೆರೆದು ತೋರಿಸಬಹುದು. ಬರೆಯದ ಗ್ರಂಥವನ್ನು ಯಾರು ತಂದಾರು? ಪುಸ್ತಕವನ್ನೇ ಮುಟ್ಟದ ಪ್ರತ್ಯಕ್ಷವಾದಿ ಹುಡುಗನೊಬ್ಬ, ಕಥೆಯ ಕೊನೆಯ ಮುಖ್ಯಾಂಶಗಳನ್ನು ಮಾರ್ಟಿನ್ನರೇ ನಿರ್ಮಾಪಕರಾದ ಬೆನಿಯಾಫ್ ಮತ್ತು ವೈಸ್ ಎಂಬಿಬ್ಬರಿಗೆ ಹೇಳಿಕೊಟ್ಟಿದ್ದಾರಲ್ಲ ಎಂದು ಆಕ್ಷೇಪಿಸಿದ. “ಊರು ಯಾವುದು ಅಂತ ಹೇಳಿರಬಹುದು ಕಣಯ್ಯ, ದಾರಿ ಹೇಳಿಲ್ಲ,” ಎಂದರು ಆಚಾರ್ಯರು. ಹುಡುಗ ಅವಲಕ್ಕಿಯ ಕಡೆಗೆ ತಿರುಗಿದ.

ಇಷ್ಟು ಸೂಕ್ಷ್ಮದೃಷ್ಟಿಯ ಆಚಾರ್ಯರ ಕಣ್ಣಿಗೆ ಬೀಳದುದೊಂದು ನನ್ನ ಮನೆಯವಳ ಕಣ್ಣಿಗೆ ಬಿತ್ತು. ಮೇ 5ರ ಕಂತಿನಲ್ಲಿ, ಯುದ್ಧ ಗೆದ್ದವರೆಲ್ಲ ಕೋಟೆಯ ಸಭಾಂಗಣದಲ್ಲಿ ಪಾನಗೋಷ್ಠಿ ನಡೆಸುತ್ತಿದ್ದಾಗ, ಬಾಣಂತಿಗೆ ಕಷಾಯ ತೆಗೆದುಕೊಂಡು ಹೋಗುತ್ತಿದ್ದ ಇವಳು ಅರೆಕ್ಷಣ ನಿಂತು, “ಅಲ್ರೀ, ಆ ಹುಡುಗಿ ಮುಂದೆ ಕಾಫಿ ಲೋಟ ಇದೆಯಲ್ಲ, ಅವರ ಕಾಲಕ್ಕೇ ಕಾಗದದ ಲೋಟ ಬಂದಿತ್ತೇನು?” ಎಂದಳು. ಮಗಳು “ಅಮ್ಮಾ, ಸುಮ್ನಿರು” ಎಂದಳು. ಆಚಾರ್ಯರು ಕುರ್ಚಿಯಿಂದ ತಿರುಗದೆಯೇ, ಉತ್ತರದೇಶದವರ ಪಾನಪಾತ್ರೆಗಳ ವಿಷಯದಲ್ಲಿ ಸಂಪುಟಗಳು ಏನು ಹೇಳುತ್ತವೆಂಬುದನ್ನು “ಆಂಟಿ”ಗೆ ವಿನಯದಿಂದ ವಿವರಿಸಿದರು. ಮಾರನೆಯ ದಿನ ಜಗತ್ತೇ ಆ ಲೋಟವನ್ನು ನೋಡಿ ನಕ್ಕಿತು. ಎಚ್‌ಬಿಒದವರು ತಪ್ಪೊಪ್ಪಿಕೊಂಡು ದೃಶ್ಯದಿಂದ ಅದನ್ನು ಅಳಿಸಿಹಾಕಿದರು. ಮುಂದಿನ ಭಾನುವಾರ ಆಚಾರ್ಯರು ಇವಳಿಗೆ ನಮಸ್ಕಾರ ಹೇಳಿ ತುಸು ಹೊತ್ತು ನಿಂತಿದ್ದು, ಅನಂತರ, “ಬುಕ್ಕಲ್ಲಿ ಹಂಗಿರಲ್ಲ ಆಂಟಿ,” ಎಂದರು.

ಮೇ 19ರಂದು ಎಲ್ಲ ಮುಗಿಯಿತು. ಡ್ರ್ಯಾಗನ್ ಸಿಂಹಾಸನವನ್ನು ಕರಗಿಸಿತು. ಯಾರೂ ಎಣಿಸಿರದ, ಬಹಳ ಹೊತ್ತು ಮೌನವಾಗಿಯೇ ಇರುತ್ತಿದ್ದ ಬ್ರಾನ್ ರಾಜನಾದ. ಕೂಸು ಎದ್ದು ಅಳುವವರೆಗೆ ಕೂಗಾಟ ನಡೆಯಿತು. ಈ ಸೀಸನ್ನನ್ನು ಯೋಗ್ಯರಾದ ಬರಹಗಾರರಿಂದ ಮತ್ತೊಮ್ಮೆ ಮಾಡಿಸಬೇಕೆಂಬ ಮನವಿಗೆ ಹತ್ತು ಲಕ್ಷಕ್ಕೂ ಮಿಕ್ಕು ಜನ ಸಹಿ ಹಾಕಿದರು. ನನ್ನ ಅಳಿಯನೂ ಒಬ್ಬ. ಆಚಾರ್ಯರು ಹಾಕಲಿಲ್ಲ. “ಸಹಿ ಹಾಕಿದರೆ ಇದನ್ನೇ ಕೊನೆ ಅಂತ ಒಪ್ಪಿಕೊಂಡ ಹಾಗಾಗುತ್ತೆ ಅಂಕಲ್,” ಎಂದರು. ಆರನೆಯ ಸಂಪುಟವು ನಾಳೆಯೇ ಬಂದುಬಿಟ್ಟರೆ ಎಲ್ಲರಿಗಿಂತ ಹೆಚ್ಚು ನಷ್ಟಕ್ಕೊಳಗಾಗುವವರು ಇವರೇ ಎಂದು ನನಗೆ ಆಗಲೇ ತೋರಿತ್ತು, ಹೇಳಲಿಲ್ಲ.

ನಾವು ಹೊರಡುವ ಮುನ್ನ ಒಂದು ಶನಿವಾರ ಅವರು ನನ್ನನ್ನು ಕಾರಿನಲ್ಲಿ ಬೇಯೋನ್ ಎಂಬ ಊರಿಗೆ ಕರೆದೊಯ್ದರು. ಮಾರ್ಟಿನ್ನರು 1948ರಲ್ಲಿ ಹುಟ್ಟಿದುದು ಅಲ್ಲಿ. ಈಗ ಅವರಿರುವುದು ದೂರದ ನ್ಯೂ ಮೆಕ್ಸಿಕೋದ ಸಾಂಟಾ ಫೆಯಲ್ಲಿ. ಕಥೆಯನ್ನು ಬರೆಯುವುದು ಇಂಟರ್ನೆಟ್ಟಿನ ಸಂಪರ್ಕವೇ ಇಲ್ಲದ ಹಳೆಯ ಡಾಸ್ ಕಂಪ್ಯೂಟರಿನಲ್ಲಿ, ‘ವರ್ಡ್‌ಸ್ಟಾರ್’ ಎಂಬ ಪುರಾತನ ತಂತ್ರಾಂಶದಲ್ಲಿ. ತಿಂಗಳಿಗೊಮ್ಮೆ ಫೋನು ಬದಲಾಯಿಸುವ ಆಚಾರ್ಯರು ಈ ಸಂಗತಿಯನ್ನು ಋಷಿಯ ವಲ್ಕಲವನ್ನು ವರ್ಣಿಸುವ ಭಕ್ತಿಯಿಂದ ವರ್ಣಿಸಿದರು. ಬಾಲಕ ಮಾರ್ಟಿನ್ ಕಿಟಕಿಯಿಂದ ಎದುರು ದಡದ ಸ್ಟೇಟನ್ ಐಲೆಂಡಿನ ದೀಪಗಳನ್ನು ನೋಡುತ್ತ ದೂರದೇಶಗಳ ಕನಸು ಕಂಡ ಜಲಸಂಧಿಯ ದಂಡೆಯಲ್ಲಿ, ಎಣ್ಣೆ ಹಡಗೊಂದು ಸಾಗುತ್ತಿರುವಾಗ, ಅವರು ಕೈಕಟ್ಟಿ ನಿಂತರು. ನನಗೆ ನಗು ಬಂತು. ಆದರೆ ಗದುಗಿನ ವೀರನಾರಾಯಣನ ಗುಡಿಯಲ್ಲಿ, ಕುಮಾರವ್ಯಾಸನು ಒರಗಿ ಕುಳಿತು ಭಾರತವನ್ನು ಬರೆದನೆನ್ನುವ ಕಂಬವನ್ನು ನಾನೂ ತಡವಿ ಕಣ್ಣಿಗೊತ್ತಿಕೊಂಡವನಲ್ಲವೆ, ನುಂಗಿಕೊಂಡೆ.

ಆ ನೆನಪಿನಿಂದಲೇ ಮಾತು ಹೊರಟಿತು. ಕುಮಾರವ್ಯಾಸನು ಬರೆದುದೂ ಹತ್ತೇ ಪರ್ವ, ಮಿಕ್ಕುದನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿ ಪೂರ್ತಿಮಾಡಿದ. ಬಾಣಭಟ್ಟನ ಕಾದಂಬರಿಯನ್ನು ಅವನ ಮಗ ಮುಗಿಸಿದ, ಎಂದೆ. ಇಟ್ಟ ಪದವನ್ನು ಅಳಿಸಿ ತಿದ್ದುವ ಅಭ್ಯಾಸ ಕುಮಾರವ್ಯಾಸನಿಗಿರಲಿಲ್ಲವಂತೆ ಎಂಬುದನ್ನು, ಮಾರ್ಟಿನ್ನರ ನೆನಪಾಗಿ, ಹೇಳದೆ ಬಿಟ್ಟೆ. ಆಚಾರ್ಯರು ಬಹಳ ಹೊತ್ತು ನೀರನ್ನೇ ನೋಡುತ್ತಿದ್ದು ಕೇಳಿದರು: “ತಿಮ್ಮಣ್ಣಕವಿ ಬರೆದದ್ದನ್ನ ಜನ ಒಪ್ಪಿದರಾ ಅಂಕಲ್?”

“ಒಪ್ಪದೆ ಏನಪ್ಪ. ಮನೆಮಾತಾದದ್ದು ಮಾತ್ರ ಮೊದಲಿನ ಹತ್ತೇ.”

“ನೋಡಿದ್ರಾ!” ಎಂದು ಅವರು ನನ್ನ ಕೈ ಕುಲುಕಿದರು. ಕುಮಾರವ್ಯಾಸನನ್ನು ತಮ್ಮ ಪಕ್ಷಕ್ಕೆ ಸೇರಿಸಿಕೊಂಡಾಯಿತೆಂದು ನನಗೆ ಅರ್ಥವಾಯಿತು.

2022ರ ಆಗಸ್ಟಿನಲ್ಲಿ, ನಮ್ಮಲ್ಲಿ ಇನ್ನೂ ಬೆಳಕು ಹರಿಯುವ ಹೊತ್ತಿನಲ್ಲಿ, ಅವರ ಫೋನು ಬಂತು. ಡೆನೇರಿಸಳ ವಂಶದ ಪೂರ್ವಿಕರ ಯುದ್ಧದ ಕಥೆ ‘ಹೌಸ್ ಆಫ್ ದಿ ಡ್ರ್ಯಾಗನ್’ ಎಂಬ ಹೆಸರಿನಲ್ಲಿ ಟಿವಿಗೆ ಬಂದಿತ್ತು. ಈ ಸಲ ಯೋಚನೆಯೇ ಇಲ್ಲ, ಈ ಯುದ್ಧದ ಕಥೆ ಆದ್ಯಂತವಾಗಿ 2018ರ ಪುಸ್ತಕದಲ್ಲಿ ಅಚ್ಚಾಗಿದೆ, ಯಾರೂ ಬಾಯಿ ತೆರೆಯುವಂತಿಲ್ಲ ಎಂದು ಅವರು ಸಂಭ್ರಮಪಟ್ಟರು.

“ಸಂತೋಷ. ಅಂತೂ ಆ ಪುಸ್ತಕವನ್ನಾದರೂ ಪೂರ್ತಿ ಮುಗಿಸಿದರಲ್ಲ,” ಎಂದೆ.

ಆಚೆ ಕಡೆಯಿಂದ ಒಂದು ಗಳಿಗೆ ಏನೂ ಕೇಳಿಸಲಿಲ್ಲ.

“ಅದು ಮೊದಲನೇ ಭಾಗ ಅಂಕಲ್. ಎರಡನೇದು ಇನ್ನೂ ಬರೀಬೇಕು.”